ಹುಳಿತೇಗು, ಎದೆಯುರಿಗೆ ಆಪರೇಷನ್: ಪರೀಕ್ಷೆಯಿಂದ ಮತ್ತೆ ಮುದ್ದೆ ಉಣ್ಣುವವರೆಗೆ

ವರ್ಷಗಟ್ಟಲೆ ಗ್ಯಾಸ್ ಮಾತ್ರೆ ನುಂಗಿಯೂ ರಾತ್ರಿ ಮಲಗಿದ ಕೂಡಲೇ ಗಂಟಲಿಗೆ ಹುಳಿನೀರು ಬರುತ್ತಿದೆಯೇ? ಮಾತ್ರೆ ಬಿಟ್ಟ ಎರಡು ಮೂರು ದಿನಕ್ಕೇ ಎದೆ ಉರಿಯುತ್ತದೆಯೇ? ಎಂಡೋಸ್ಕೋಪಿ ಮಾಡಿದವರು ‘ಹಯೇಟಸ್ ಹರ್ನಿಯಾ ಇದೆ, ಸರ್ಜನ್‌ಗೆ ತೋರಿಸಿ’ ಎಂದು ಬರೆದುಕೊಟ್ಟಿದ್ದಾರೆಯೇ? ಹಾಗಿದ್ದರೆ ಈ ಬರಹ ನಿಮಗೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳವರ ಊಟ, ಕೆಲಸ, ಓಡಾಟ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇವೆ. ಜಠರದ ಮೇಲ್ಭಾಗವನ್ನು ಅನ್ನನಾಳದ ಸುತ್ತ ಸುತ್ತಿ ಹೊಲಿಯುವ ಈ ಆಪರೇಷನ್ (ಫಂಡೋಪ್ಲಿಕೇಷನ್) ಬಗ್ಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ಬ್ರೆಡ್ಡು, ಸೂಪು ತಿನ್ನುವವರಿಗೆ ಬರೆದವು. ಮುದ್ದೆ ನುಂಗುವವರಿಗೆ, ಟೊಮೆಟೊ ಬಾಕ್ಸ್ ಹೊರುವವರಿಗೆ ಅವು ಸಾಲವು.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಈ ಆಪರೇಷನ್ ಕೆಡುವುದು ಹೆಚ್ಚಾಗಿ ಥಿಯೇಟರ್ ಒಳಗೆ ಅಲ್ಲ. ಒಂದೋ ಅದಕ್ಕೂ ಮೊದಲು, ಮಾಡಿಸಲೇಬೇಕಾದ ಪರೀಕ್ಷೆ ಬಿಟ್ಟಾಗ. ಇಲ್ಲವೇ ಅದಾದ ಮೇಲೆ, ಮೊದಲ ಆರು ವಾರದ ಊಟ ಮತ್ತು ಭಾರದಲ್ಲಿ. ಹಾಗಾಗಿ ಇಲ್ಲಿ ಆ ಎರಡಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಒಳಗೆ ಕೆಟ್ಟಿರುವುದೇನು

ಎದೆಗೂಡಿಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪರದೆ ಇದೆ. ಅನ್ನನಾಳ ಅದರಲ್ಲಿರುವ ಒಂದು ರಂಧ್ರದಿಂದ ಇಳಿದು ಜಠರ ಸೇರುತ್ತದೆ. ಸೇರುವ ಜಾಗದಲ್ಲಿ ಅನ್ನನಾಳದ ಕೊನೆಯ 3–4 ಸೆಂ.ಮೀ. ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ, ನುಂಗಿದಾಗ ಮಾತ್ರ ಸಡಿಲವಾಗುತ್ತದೆ. ಹೊರಗಿನಿಂದ ವಪೆಯ ಎರಡು ಸ್ನಾಯುಕಂಬಗಳೂ ಅದನ್ನು ಒತ್ತಿ ಹಿಡಿದಿರುತ್ತವೆ. ಒಳಗಿನ ಬಿಗಿ ಸಡಿಲವಾದರೆ, ಅಥವಾ ವಪೆಯ ರಂಧ್ರ ಅಗಲವಾಗಿ ಜಠರದ ಮೇಲ್ಭಾಗ ಎದೆಯೊಳಗೆ ಜಾರಿದರೆ, ಜಠರದಲ್ಲಿರುವುದು ಮೇಲಕ್ಕೆ ನುಗ್ಗುತ್ತದೆ. ಹೀಗೆ ಜಾರುವುದೇ ಹಯೇಟಸ್ ಹರ್ನಿಯಾ.

ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರ‍್ಯಾಬೆಪ್ರಜೋಲ್ ಮಾತ್ರೆಗಳು ಜಠರದಲ್ಲಿ ಹುಟ್ಟುವ ಆಸಿಡ್ ಕಡಿಮೆ ಮಾಡುತ್ತವೆ, ಅಷ್ಟೆ. ಕೆಳಗಿರುವುದು ಮೇಲಕ್ಕೆ ಬರುವುದನ್ನು ಅವು ನಿಲ್ಲಿಸುವುದಿಲ್ಲ. ಮಾತ್ರೆಯಿಂದ ಉರಿ ಹೋಗಿ, ಬಗ್ಗಿದಾಗ ಊಟವೇ ಬಾಯಿಗೆ ಬರುವುದು ಮಾತ್ರ ಉಳಿದಿದೆ ಎನ್ನುವವರ ತೊಂದರೆಯ ಮೂಲ ಇದೇ. ಆಪರೇಷನ್ನಿನಿಂದ ಅತಿ ಹೆಚ್ಚು ಪ್ರಯೋಜನ ಆಗುವುದೂ ಇವರಿಗೇ.

ನಮ್ಮ ಕಡೆ ‘ಗ್ಯಾಸ್ಟ್ರಿಕ್’ ಅಂದರೆ ಎಲ್ಲವೂ ಸೇರುತ್ತದೆ. ಉಂಡ ತಕ್ಷಣ ಹೊಟ್ಟೆ ಉಬ್ಬರ, ಮೇಲ್ಹೊಟ್ಟೆಯಲ್ಲಿ ನೋವು, ಸದಾ ತೇಗು, ಬೆನ್ನಿನಲ್ಲಿ ಗಾಳಿ ಹಿಡಿದ ಹಾಗೆ. ಇವು ಮಾತ್ರ ಇದ್ದು ಎದೆಯುರಿ, ಹುಳಿನೀರು ಇಲ್ಲದಿದ್ದರೆ ಈ ಆಪರೇಷನ್ ನಿಮಗಲ್ಲ. ಉಬ್ಬರ ಇದ್ದವರಿಗೆ ಆಪರೇಷನ್ ಆದ ಮೇಲೆ ಅದು ಹೆಚ್ಚಾಗುವುದೇ ಜಾಸ್ತಿ, ಏಕೆಂದರೆ ಆಮೇಲೆ ತೇಗು ಸಲೀಸಾಗಿ ಬರುವುದಿಲ್ಲ. ಇನ್ನು ನಡೆದಾಗ, ಮೆಟ್ಟಿಲು ಹತ್ತಿದಾಗ ಬರುವ ಎದೆ ಉರಿ, ಬೆವರು, ಎಡಗೈ ಸೆಳೆತವನ್ನು ಗ್ಯಾಸ್ ಎಂದು ಕೂರಬೇಡಿ. ಅದಕ್ಕೆ ಮೊದಲು ಇಸಿಜಿ.

ಮೊದಲ ಹಂತ: ಮಾತ್ರೆಯನ್ನು ಸರಿಯಾಗಿ ತೆಗೆದುಕೊಳ್ಳಿ

‘ಮಾತ್ರೆ ಕೆಲಸ ಮಾಡ್ತಿಲ್ಲ ಸಾರ್’ ಎಂದು ಸರ್ಜನ್ ಮುಂದೆ ಕೂರುವ ಎಷ್ಟೋ ಜನ ಮಾತ್ರೆಯನ್ನು ಊಟ ಆದ ಮೇಲೆ ತೆಗೆದುಕೊಳ್ಳುತ್ತಿರುತ್ತಾರೆ. ಅದು ಖಾಲಿ ಹೊಟ್ಟೆಗೆ, ತಿಂಡಿಗೆ 30ರಿಂದ 60 ನಿಮಿಷ ಮುಂಚೆ ಹೋಗಬೇಕು. ಊಟ ಬಿದ್ದಾಗ ಆಸಿಡ್ ಪಂಪುಗಳು ಚುರುಕಾಗುತ್ತವೆ, ಆ ಹೊತ್ತಿಗೆ ಔಷಧಿ ರಕ್ತದಲ್ಲಿ ಇದ್ದರೆ ಮಾತ್ರ ಅವನ್ನು ಹಿಡಿಯುತ್ತದೆ. ದಿನಕ್ಕೊಂದರಂತೆ 8 ವಾರ ತಪ್ಪದೆ ತೆಗೆದುಕೊಳ್ಳಿ. ಸಾಲದಿದ್ದರೆ ಡಾಕ್ಟರ ಸಲಹೆಯಂತೆ ರಾತ್ರಿ ಊಟಕ್ಕೆ ಮುಂಚೆ ಇನ್ನೊಂದು.

ಜೊತೆಗೆ ಮಂಚದ ತಲೆಯ ಕಡೆಯ ಎರಡೂ ಕಾಲುಗಳ ಕೆಳಗೆ 15–20 ಸೆಂ.ಮೀ. ಎತ್ತರದ ಮರದ ತುಂಡು ಇಡಿ. ಎರಡು ದಿಂಬು ಹಾಕಿಕೊಂಡರೆ ಕುತ್ತಿಗೆ ಬಗ್ಗಿ ಹೊಟ್ಟೆಯೇ ಮಡಚುತ್ತದೆ, ಪ್ರಯೋಜನವಿಲ್ಲ. ರಾತ್ರಿ ಊಟಕ್ಕೂ ಮಲಗುವುದಕ್ಕೂ 3 ಗಂಟೆ ಅಂತರವಿರಲಿ, ಎಡಮಗ್ಗುಲಾಗಿ ಮಲಗಿ. ಹೊಗೆಸೊಪ್ಪು, ಬೀಡಿ, ಗುಟ್ಕಾ ಬಿಡದೆ ಏನು ಮಾಡಿದರೂ ಅರ್ಧಂಬರ್ಧವೇ. ಬಿಪಿಗೆ ಆಮ್ಲೋಡಿಪಿನ್, ಮಂಡಿನೋವಿಗೆ ಡೈಕ್ಲೋಫೆನಾಕ್ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ. ಮೊದಲನೆಯದು ಅನ್ನನಾಳದ ಬಿಗಿ ಸಡಿಲಿಸಬಲ್ಲದು, ಎರಡನೆಯದು ಹುಣ್ಣು ಮಾಡಬಲ್ಲದು. ನೀವೇ ನಿಲ್ಲಿಸಬೇಡಿ, ಬದಲಿ ಕೇಳಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2019ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನಕ್ಕೆ, ಮಾತ್ರೆಗೆ ಬಗ್ಗದ ಎದೆಯುರಿ ಎಂದು 366 ಜನರನ್ನು ಕಳಿಸಿದ್ದರು. ಮಾತ್ರೆಯನ್ನು ಸರಿಯಾದ ಹೊತ್ತಿಗೆ ದಿನಕ್ಕೆರಡು ಬಾರಿ ಎರಡು ವಾರ ಕೊಟ್ಟಾಗಲೇ 42 ಮಂದಿಗೆ ವಾಸಿಯಾಯಿತು. 99 ಮಂದಿಗೆ ಉರಿ ಇತ್ತು, ಆದರೆ ಅದಕ್ಕೆ ಕಾರಣ ಆಸಿಡ್ ಆಗಿರಲಿಲ್ಲ. ಇನ್ನೂ ಹಲವರು ಬೇರೆ ಬೇರೆ ಕಾರಣಕ್ಕೆ ಬಿಟ್ಟುಹೋಗಿ ಕೊನೆಗೆ ಉಳಿದವರು 78 ಜನ. ಆ 78ರಲ್ಲಿ ಆಪರೇಷನ್ ಆದವರ ಪೈಕಿ 67% ಮಂದಿಗೆ ಗುಣ ಕಂಡಿತು, ಔಷಧಿ ಬದಲಿಸಿ ಹೆಚ್ಚಿಸಿದವರಲ್ಲಿ 28% ಮಾತ್ರ. ಸರಿಯಾದ ರೋಗಿಗೆ ಆಪರೇಷನ್ ಎಷ್ಟು ಒಳ್ಳೆಯದು, ಆ ಸರಿಯಾದ ರೋಗಿ ಎಷ್ಟು ಅಪರೂಪ, ಎರಡೂ ಇಲ್ಲಿವೆ.

ಎರಡನೇ ಹಂತ: ನಾಲ್ಕು ಪರೀಕ್ಷೆ

ಎಂಡೋಸ್ಕೋಪಿ. ಜನ ಇದನ್ನು ‘ಬಾಯಿಂದ ಪೈಪ್ ಬಿಡೋದು’ ಅನ್ನುತ್ತಾರೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು, 5–10 ನಿಮಿಷದ ಕೆಲಸ. ವರದಿಯಲ್ಲಿ ಬರೀ ‘ಗ್ಯಾಸ್ಟ್ರೈಟಿಸ್’ ಎಂದಿದ್ದರೆ ಸಾಲದು. ಅನ್ನನಾಳದಲ್ಲಿ ಹುಣ್ಣು ಇದೆಯೇ, ಇದ್ದರೆ ಲಾಸ್ ಏಂಜಲೀಸ್ ದರ್ಜೆಯಲ್ಲಿ ಎ, ಬಿ, ಸಿ, ಡಿ ಯಾವುದು (ಎ ಅತಿ ಕಡಿಮೆ, ಡಿ ಅತಿ ಹೆಚ್ಚು), ಹರ್ನಿಯಾ ಎಷ್ಟು ಸೆಂ.ಮೀ., ಬ್ಯಾರೆಟ್ಸ್ ಬದಲಾವಣೆ (ಮುಂದೆ ಕ್ಯಾನ್ಸರ್‌ಗೆ ತಿರುಗಬಹುದಾದ ಅನ್ನನಾಳದ ಒಳಪೊರೆಯ ಬದಲಾವಣೆ) ಕಂಡಿದೆಯೇ, ಬಯಾಪ್ಸಿ ತೆಗೆದರೇ, ಇಷ್ಟನ್ನೂ ಕೇಳಿ ಬರೆಸಿಕೊಳ್ಳಿ. ಸಿ ಅಥವಾ ಡಿ ದರ್ಜೆ ಇದ್ದರೆ ರೋಗ ಖಚಿತ. ಎ ದರ್ಜೆಯನ್ನು ಮಾತ್ರ ನಂಬಿ ಆಪರೇಷನ್‌ಗೆ ಹೋಗಬಾರದು. ಮಾತ್ರೆ ತೆಗೆದುಕೊಳ್ಳುತ್ತಲೇ ಎಂಡೋಸ್ಕೋಪಿ ಮಾಡಿಸಿದರೆ ಹುಣ್ಣು ಮಾಗಿರುತ್ತದೆ, ‘ನಾರ್ಮಲ್’ ಎಂದು ಬರುತ್ತದೆ. ಆದ್ದರಿಂದ ಎರಡರಿಂದ ನಾಲ್ಕು ವಾರ ಮೊದಲು ಮಾತ್ರೆ ನಿಲ್ಲಿಸಬಹುದೇ ಎಂದು ವಿಚಾರಿಸಿ.

24 ಗಂಟೆಯ ಪಿಎಚ್ ಪರೀಕ್ಷೆ. ಮೂಗಿನಿಂದ ಸಪೂರ ನಳಿಕೆಯೊಂದನ್ನು ಅನ್ನನಾಳಕ್ಕೆ ಇಳಿಸಿ, ಸೊಂಟಕ್ಕೆ ಚಿಕ್ಕ ಯಂತ್ರ ಕಟ್ಟಿ ಮನೆಗೆ ಕಳಿಸುತ್ತಾರೆ. ಗ್ಯಾಸ್ ಮಾತ್ರೆಯನ್ನು 7 ದಿನ ಮೊದಲೇ ನಿಲ್ಲಿಸಿರಬೇಕು. ಆ ಏಳು ದಿನ ಕಷ್ಟವೇ, ಆದರೆ ತಡೆದುಕೊಳ್ಳಿ. ಪರೀಕ್ಷೆಯ ದಿನ ‘ಹೊಟ್ಟೆಗೆ ಹಗುರ ಇರಲಿ’ ಎಂದು ಮೊಸರನ್ನ ತಿಂದು ಮಲಗುವುದು ದೊಡ್ಡ ತಪ್ಪು. ದಿನಾ ಏನು ಉಣ್ಣುತ್ತೀರೋ ಅದನ್ನೇ ಉಣ್ಣಿ. ಮುದ್ದೆ, ಬಸ್ಸಾರು, ಕಾಫಿ, ಬಗ್ಗಿ ಮಾಡುವ ಕೆಲಸ ಎಲ್ಲವೂ ಇರಲಿ. ಉರಿ ಬಂದಾಗ, ಉಂಡಾಗ, ಮಲಗಿದಾಗ ಯಂತ್ರದ ಗುಂಡಿ ಒತ್ತಿ, ಹೊತ್ತನ್ನು ಹಾಳೆಯಲ್ಲಿ ಬರೆದಿಡಿ. ಅನ್ನನಾಳದೊಳಗೆ ಆಸಿಡ್ ನಿಂತ ಹೊತ್ತು ಇಡೀ ದಿನದ 6%ಗಿಂತ ಹೆಚ್ಚು, ಅಂದರೆ ಸುಮಾರು ಒಂದೂವರೆ ಗಂಟೆಗೆ ಮೀರಿ ಇದ್ದರೆ ರೋಗ ಖಚಿತ. 4%ಗಿಂತ ಕಡಿಮೆ ಇದ್ದರೆ ಉರಿಗೆ ಬೇರೆ ಕಾರಣ ಹುಡುಕಬೇಕು. ನಡುವೆ ಇದ್ದರೆ ಉಳಿದ ಪರೀಕ್ಷೆಗಳ ಜೊತೆ ಇಟ್ಟು ನೋಡುತ್ತಾರೆ.

ಮ್ಯಾನೋಮೆಟ್ರಿ. ಅನ್ನನಾಳ ಎಷ್ಟು ಬಲವಾಗಿ ತಳ್ಳುತ್ತದೆ, ಕೆಳಗಿನ ಬಾಗಿಲು ನುಂಗಿದಾಗ ಸಡಿಲವಾಗುತ್ತದೆಯೋ ಇಲ್ಲವೋ ಎಂದು ಅಳೆಯುವ ಪರೀಕ್ಷೆ. ಇದನ್ನು ಬಿಟ್ಟು ಆಪರೇಷನ್‌ಗೆ ಒಪ್ಪಬೇಡಿ, ಯಾರೇ ಹೇಳಿದರೂ. ಅಕಲೇಸಿಯಾ ಎಂಬ ಇನ್ನೊಂದು ಕಾಯಿಲೆ ಇದೆ. ಅದರಲ್ಲಿ ಬಾಗಿಲು ತೆರೆಯುವುದೇ ಇಲ್ಲ, ಊಟ ಮೇಲೇ ನಿಂತು ಹುಳಿಯಾಗಿ ಬಾಯಿಗೆ ಬರುತ್ತದೆ. ಕೇಳುವುದಕ್ಕೆ ಥೇಟ್ ಆಸಿಡಿಟಿ. ಅಂಥವರಿಗೆ ಬಿಗಿ ಮಾಡುವ ಆಪರೇಷನ್ ಮಾಡಿದರೆ ನೀರೂ ಇಳಿಯದಂತಾಗುತ್ತದೆ. ತಳ್ಳುವ ಶಕ್ತಿ ಕಡಿಮೆ ಇದೆ ಎಂದು ಗೊತ್ತಾದರೂ ಲಾಭವೇ, ಸರ್ಜನ್ ಪೂರ್ತಿ ಸುತ್ತಿನ ಬದಲು ಅರೆಸುತ್ತು ಹಾಕುತ್ತಾರೆ.

ನಾಲ್ಕನೆಯದು ಬೇರಿಯಂ ನುಂಗಿಸಿ ತೆಗೆಯುವ ಎಕ್ಸ್‌ರೇ. ಹರ್ನಿಯಾದ ಗಾತ್ರ, ಅನ್ನನಾಳದ ಉದ್ದ ಇದರಲ್ಲಿ ಚೆನ್ನಾಗಿ ಕಾಣುತ್ತದೆ. ಬಹಳ ವರ್ಷದ ಸಕ್ಕರೆ ಕಾಯಿಲೆ ಇದ್ದು, ಉಂಡದ್ದು ಗಂಟೆಗಟ್ಟಲೆ ಹೊಟ್ಟೆಯಲ್ಲೇ ಉಳಿಯುತ್ತದೆ ಎನ್ನಿಸಿದರೆ ಜಠರ ಖಾಲಿಯಾಗುವ ವೇಗವನ್ನೂ ನೋಡಿಸಬೇಕು.

ಎಂಡೋಸ್ಕೋಪಿ, ಬೇರಿಯಂ ಎಕ್ಸ್‌ರೇ ಜಿಲ್ಲಾ ಕೇಂದ್ರಗಳಲ್ಲೇ ಆಗುತ್ತವೆ. ಪಿಎಚ್ ಮತ್ತು ಮ್ಯಾನೋಮೆಟ್ರಿಗೆ ಸಾಮಾನ್ಯವಾಗಿ ಬೆಂಗಳೂರಿನ ದೊಡ್ಡ ಗ್ಯಾಸ್ಟ್ರೋ ವಿಭಾಗಗಳಿಗೆ ಹೋಗಬೇಕಾಗುತ್ತದೆ. ಎರಡನ್ನೂ ಒಂದೇ ದಿನಕ್ಕೆ ಬುಕ್ ಮಾಡಿಸಿ. ಪಿಎಚ್ ನಳಿಕೆಯನ್ನು ಎಲ್ಲಿ ಇಳಿಸಬೇಕೆಂದು ಮ್ಯಾನೋಮೆಟ್ರಿಯೇ ತೋರಿಸುವುದರಿಂದ ಒಂದರ ಹಿಂದೆ ಒಂದು ಮಾಡುವುದೇ ಕ್ರಮ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಪಟ್ಟಣದವರು ನಳಿಕೆ ಹಾಕಿಸಿಕೊಂಡು ಬಸ್ಸಿನಲ್ಲೇ ಮನೆಗೆ ಬಂದು ಮರುದಿನ ಯಂತ್ರ ವಾಪಸ್ ಕೊಡಬಹುದು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯವರು ಒಂದು ರಾತ್ರಿ ನೆಂಟರ ಮನೆಯಲ್ಲಿ ಉಳಿಯುವ ಏರ್ಪಾಡು ಮಾಡಿಕೊಂಡರೆ ಓಡಾಟ ತಪ್ಪುತ್ತದೆ.

ಯಾರಿಗೆ ಬೇಕು, ಯಾರಿಗೆ ಬೇಡ

ಮಾತ್ರೆಯಿಂದ ಉರಿ ಕಡಿಮೆಯಾಗಿ ಹುಳಿನೀರು ಮಾತ್ರ ನಿಲ್ಲದವರು, ದೊಡ್ಡ ಹರ್ನಿಯಾ ಇರುವವರು, ಸಿ ಅಥವಾ ಡಿ ದರ್ಜೆಯ ಹುಣ್ಣು ಮಾಗದವರು, ರಾತ್ರಿ ಹುಳಿನೀರು ಶ್ವಾಸಕ್ಕೆ ಹೋಗಿ ಕೆಮ್ಮಿ ಏಳುವವರು, ಮಾತ್ರೆ ಒಗ್ಗದವರು. ಇವರಿಗೆ ಆಪರೇಷನ್ ಯೋಗ್ಯ. ಮಾತ್ರೆಯಿಂದ ಪೂರ್ತಿ ಆರಾಮಾಗಿರುವವರಿಗೆ ನಮ್ಮ ಸಲಹೆ, ಅವಸರ ಬೇಡ. ಯುರೋಪಿನಲ್ಲಿ ಮಾತ್ರೆ ಚೆನ್ನಾಗಿ ಒಗ್ಗಿದವರನ್ನೇ ಎರಡು ಗುಂಪು ಮಾಡಿ 5 ವರ್ಷ ನೋಡಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಮಾತ್ರೆಯವರಲ್ಲಿ 92%, ಆಪರೇಷನ್ ಆದವರಲ್ಲಿ 85% ಮಂದಿ ಚೆನ್ನಾಗಿದ್ದರು.

ದೇಹದ ತೂಕ ಬಹಳ ಇದ್ದು ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 35 ದಾಟಿದ್ದರೆ ಈ ಆಪರೇಷನ್ ಬೇಗ ಸಡಿಲವಾಗುತ್ತದೆ. ಅಂಥವರಿಗೆ ಗ್ಯಾಸ್ಟ್ರಿಕ್ ಬೈಪಾಸ್ ಹೆಚ್ಚು ಸೂಕ್ತ, ತೂಕವೂ ಇಳಿಯುತ್ತದೆ, ಹುಳಿಯೂ ನಿಲ್ಲುತ್ತದೆ. ಸ್ಲೀವ್ ಎಂಬ ಇನ್ನೊಂದು ಬಗೆಯ ತೂಕದ ಆಪರೇಷನ್ ಮಾತ್ರ ಹುಳಿಯನ್ನು ಹೆಚ್ಚಿಸಬಲ್ಲದು, ಎಚ್ಚರ.

ಯಾವ ಬಗೆಯ ಸುತ್ತು

ಆಪರೇಷನ್ನಿನ ಹೆಸರು ಫಂಡೋಪ್ಲಿಕೇಷನ್. ಜಠರದ ಮೇಲ್ಭಾಗದ ಸಡಿಲ ಚೀಲವನ್ನು ಅನ್ನನಾಳದ ಹಿಂದಿನಿಂದ ತಂದು, ಕುತ್ತಿಗೆಗೆ ಟವೆಲ್ ಸುತ್ತಿದ ಹಾಗೆ ಸುತ್ತಿ ಹೊಲಿಯುತ್ತಾರೆ. ಹೊಟ್ಟೆಯಲ್ಲಿ ಒತ್ತಡ ಏರಿದಾಗ ಆ ಸುತ್ತೇ ಅನ್ನನಾಳವನ್ನು ಅಮುಕಿ ಮುಚ್ಚುತ್ತದೆ. ರುಡಾಲ್ಫ್ ನಿಸ್ಸೆನ್ ಎಂಬ ಸರ್ಜನ್ 1956ರಲ್ಲಿ ಪ್ರಕಟಿಸಿದ 360 ಡಿಗ್ರಿಯ ಪೂರ್ತಿ ಸುತ್ತಿಗೆ ಅವರದೇ ಹೆಸರಿದೆ. 1960ರ ದಶಕದ ಆರಂಭದಲ್ಲಿ ಬಂದ ಟೂಪೆ ವಿಧಾನದಲ್ಲಿ ಹಿಂದಿನಿಂದ 270 ಡಿಗ್ರಿ, ಡಾರ್ ವಿಧಾನದಲ್ಲಿ ಮುಂದಿನಿಂದ 180 ಡಿಗ್ರಿ. ಹೊಟ್ಟೆ ಕೊಯ್ಯದೆ ತೂತುಗಳಿಂದ ಮಾಡುವ ಲ್ಯಾಪರೋಸ್ಕೋಪಿ ವಿಧಾನ 1991ರಿಂದ ಚಾಲ್ತಿಗೆ ಬಂತು. ನಮ್ಮಲ್ಲಿ ಇದನ್ನು ‘ಲೇಸರ್ ಆಪರೇಷನ್’ ಎಂದು ಕರೆಯುವುದುಂಟು, ಲೇಸರ್ ಇದರಲ್ಲಿ ಇಲ್ಲ.

ಪೂರ್ತಿ ಸುತ್ತಿನಲ್ಲಿ ನುಂಗಲು ಕಷ್ಟ, ತೇಗು ಬಾರದಿರುವುದು, ಉಬ್ಬರ ಹೆಚ್ಚು. 270 ಡಿಗ್ರಿಯದರಲ್ಲಿ ಅವು ಕಡಿಮೆ, ಹುಳಿ ತಡೆಯುವುದರಲ್ಲೂ ಅದು ಹಿಂದೆ ಬೀಳುವುದಿಲ್ಲ. ಮುದ್ದೆ ಊಟದವರಿಗೆ, ನುಂಗುವುದೇ ಊಟದ ರೀತಿಯಾದವರಿಗೆ, 270 ಡಿಗ್ರಿ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಕೊನೆಯ ಮಾತು ನಿಮ್ಮ ಮ್ಯಾನೋಮೆಟ್ರಿ ವರದಿ ಮತ್ತು ಸರ್ಜನ್ ಕೈಯಲ್ಲಿ ಪಳಗಿರುವ ವಿಧಾನದ್ದು. ಆಯಸ್ಕಾಂತದ ಮಣಿಗಳ ಬಳೆ ತೊಡಿಸುವ ವಿಧಾನಕ್ಕೆ ಅಮೆರಿಕದಲ್ಲಿ 2012ರಲ್ಲಿ ಅನುಮತಿ ಸಿಕ್ಕಿತು. ಬಾಯಿಯಿಂದಲೇ ಹೊಲಿಗೆ ಹಾಕುವ ವಿಧಾನವೂ ಇದೆ, ಅದು ಹರ್ನಿಯಾ 2 ಸೆಂ.ಮೀ. ಒಳಗಿದ್ದವರಿಗೆ ಮಾತ್ರ. ಇವೆರಡೂ ಎಲ್ಲ ಕಡೆ ಸಿಗುವಂಥವಲ್ಲ.

ಆಸ್ಪತ್ರೆ ಮತ್ತು ಖರ್ಚು

ಕೋಲಾರದ ಟಮಕದಲ್ಲಿ, ತುಮಕೂರಿನಲ್ಲಿ, ಚಿಕ್ಕಬಳ್ಳಾಪುರದಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ, ಬೆಂಗಳೂರು 60–70 ಕಿ.ಮೀ. ದೂರ. ಊರು ಯಾವುದಾದರೂ ಸರಿ, ಕೇಳಬೇಕಾದ ಪ್ರಶ್ನೆ ಇವು: ಇದೇ ಆಪರೇಷನ್ ವರ್ಷಕ್ಕೆ ಎಷ್ಟು ಮಾಡುತ್ತೀರಿ? ನನಗೆ ಯಾವ ಸುತ್ತು, ಏಕೆ? ವಪೆಗೆ ಮೆಶ್ (ಬಲೆಯಂಥ ತೇಪೆ) ಹಾಕುತ್ತೀರಾ? ಆಮೇಲೆ ಊಟ ಸಿಕ್ಕಿಕೊಂಡರೆ ರಾತ್ರಿ ಹೊತ್ತು ಎಂಡೋಸ್ಕೋಪಿ ಮಾಡುವವರು ಇರುತ್ತಾರಾ? ಪಿತ್ತಕೋಶ, ಅಪೆಂಡಿಕ್ಸ್‌ಗೆ ಹೆಸರಾದ ಲ್ಯಾಪರೋಸ್ಕೋಪಿ ಸರ್ಜನ್ ಎಲ್ಲರೂ ಇದನ್ನು ಮಾಡಿ ಪಳಗಿರುವುದಿಲ್ಲ. ಪ್ರಶ್ನೆ ಕೇಳಲು ಸಂಕೋಚ ಬೇಡ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30%, ವರ್ಷಕ್ಕೆ 1.5 ಲಕ್ಷದವರೆಗೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗಬಹುದು. ಅಡ್ಮಿಟ್ ಆಗುವ ಮೊದಲೇ ಅಲ್ಲಿನ ಆರೋಗ್ಯ ಮಿತ್ರರ (ಯೋಜನೆಯ ಸಹಾಯಕರ) ಹತ್ತಿರ ಹೋಗಿ, ನಿಮ್ಮ ಆಪರೇಷನ್ ಯಾವ ಪ್ಯಾಕೇಜ್ ಅಡಿ ಬರುತ್ತದೆ, ಮೆಶ್ ಮತ್ತು ಹೊರಗೆ ಮಾಡಿಸುವ ಪರೀಕ್ಷೆಗಳ ದುಡ್ಡು ಯಾರದು ಎಂದು ಸ್ಪಷ್ಟ ಮಾಡಿಕೊಳ್ಳಿ. ಯಶಸ್ವಿನಿ ಕಾರ್ಡ್ ಇರುವ ಸಹಕಾರ ಸಂಘದ ಸದಸ್ಯರೂ ಇದೇ ರೀತಿ ಮೊದಲೇ ವಿಚಾರಿಸಬೇಕು.

ಆಪರೇಷನ್ ಹಿಂದಿನ ವಾರ

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಹೃದಯದ ಡಾಕ್ಟರನ್ನು ಕೇಳಿಯೇ ನಿಲ್ಲಿಸಬೇಕು. ಕ್ಲೋಪಿಡೋಗ್ರೆಲ್ ಸಾಮಾನ್ಯವಾಗಿ 5–7 ದಿನ ಮೊದಲು. ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿ ಬಿಟ್ಟರೆ ಪ್ರಾಣಕ್ಕೇ ಅಪಾಯ. ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ಇದ್ದರೆ ಅರಿವಳಿಕೆ ಡಾಕ್ಟರಿಗೆ ತಪ್ಪದೆ ಹೇಳಿ, ಅದನ್ನು 3 ದಿನ ಮೊದಲೇ ನಿಲ್ಲಿಸುತ್ತಾರೆ. ಬೀಡಿ, ಸಿಗರೇಟನ್ನು ಕಡೇಪಕ್ಷ ನಾಲ್ಕು ವಾರ ಮೊದಲೇ ಬಿಡಿ. ಆಮೇಲೆ ಬರುವ ಒಂದೊಂದು ಜೋರು ಕೆಮ್ಮೂ ಹೊಲಿಗೆಯನ್ನು ಎಳೆಯುತ್ತದೆ. ಗಟ್ಟಿ ಆಹಾರ 6 ಗಂಟೆ ಮೊದಲು, ನೀರು 2 ಗಂಟೆ ಮೊದಲು ನಿಲ್ಲಬೇಕು. ಹುಳಿ ಹಿಮ್ಮೆಟ್ಟುವವರಿಗೆ ಇನ್ನೂ ಹೆಚ್ಚು ಹೊತ್ತು ಹೇಳಿದರೆ ಅದನ್ನೇ ಪಾಲಿಸಿ.

ಥಿಯೇಟರ್ ಒಳಗೆ ನಡೆಯುವುದು

ಪೂರ್ತಿ ಅರಿವಳಿಕೆ ಕೊಟ್ಟು, ಟೇಬಲ್ಲಿನ ತಲೆಭಾಗ ಎತ್ತರಿಸಿ, ಹೊಟ್ಟೆಗೆ 12–15 ಮಿ.ಮೀ. ಪಾದರಸದ ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬುತ್ತಾರೆ. ಸಾಮಾನ್ಯವಾಗಿ ಐದು ತೂತು, ಅರ್ಧದಿಂದ ಒಂದೂಕಾಲು ಸೆಂ.ಮೀ. ಅಗಲ. ಲಿವರ್‌ನ ಎಡಭಾಗವನ್ನು ಎತ್ತಿ ಹಿಡಿದು, ಲಿವರ್ ಮತ್ತು ಜಠರದ ನಡುವಿನ ತೆಳು ಪೊರೆ ಬಿಡಿಸಿ ವಪೆಯ ಎರಡೂ ಕಂಬಗಳನ್ನು ಕಾಣುವಂತೆ ಮಾಡುತ್ತಾರೆ. ಎದೆಗೆ ಜಾರಿದ ಜಠರವನ್ನೂ ಅದರ ಪೊರೆಚೀಲವನ್ನೂ ಕೆಳಗೆ ತರುತ್ತಾರೆ. ಅನ್ನನಾಳದ ಹಿಂದೆ ಮುಂದೆ ಒಂದೊಂದು ವೇಗಸ್ ನರ ಇವೆ, ಅವಕ್ಕೆ ಪೆಟ್ಟಾದರೆ ಜಠರ ಖಾಲಿಯಾಗುವುದು ನಿಧಾನವಾಗುತ್ತದೆ, ಭೇದಿಯೂ ಕಾಡಬಹುದು.

ಇಲ್ಲಿಂದ ಮುಂದಿನ ಕೆಲಸವೇ ಆಪರೇಷನ್ ಎಷ್ಟು ವರ್ಷ ಉಳಿಯುತ್ತದೆ ಎಂಬುದನ್ನು ನಿರ್ಧರಿಸುತ್ತದೆ. ಅನ್ನನಾಳವನ್ನು ಎದೆಯ ಕಡೆಗೂ ಬಿಡಿಸಿ, ಎಳೆಯದೆ ಇದ್ದಾಗಲೂ ಅದರ 2.5–3 ಸೆಂ.ಮೀ. ಹೊಟ್ಟೆಯೊಳಗೆ ಉಳಿಯುವಂತೆ ಮಾಡಬೇಕು. ಎಳೆದು ಹೊಲಿದರೆ ಅದು ಮತ್ತೆ ಮೇಲಕ್ಕೆ ಸೆಳೆದುಕೊಂಡು ಸುತ್ತನ್ನೂ ಎದೆಗೆ ಕರೆದೊಯ್ಯುತ್ತದೆ. ಆಮೇಲೆ ಜಠರದ ಮೇಲ್ಭಾಗವನ್ನು ಗುಲ್ಮಕ್ಕೆ ಕಟ್ಟಿಹಾಕಿದ ಸಣ್ಣ ರಕ್ತನಾಳಗಳನ್ನು ಬಿಡಿಸುತ್ತಾರೆ, ಇಲ್ಲದಿದ್ದರೆ ಸುತ್ತು ತಿರುಚಿಕೊಳ್ಳಬಹುದು. ವಪೆಯ ರಂಧ್ರವನ್ನು ಅನ್ನನಾಳದ ಹಿಂದೆ ಕರಗದ ದಾರದಿಂದ ಎರಡು ಮೂರು ಹೊಲಿಗೆ ಹಾಕಿ ಕಿರಿದು ಮಾಡುತ್ತಾರೆ. ಹೆಚ್ಚು ಬಿಗಿಯಾದರೆ ನುಂಗಲಾಗದು, ಸಡಿಲವಾದರೆ ಹರ್ನಿಯಾ ಮರಳುತ್ತದೆ. ಅನ್ನನಾಳದ ಹಿಂದಿನಿಂದ ತಂದ ಜಠರದ ಚೀಲವನ್ನು ಕೈಬಿಟ್ಟಾಗ ಅದು ಅಲ್ಲೇ ನಿಲ್ಲಬೇಕು. ಸರಕ್ಕನೆ ವಾಪಸ್ ಹೋದರೆ ಇನ್ನೂ ಬಿಡಿಸಬೇಕು ಎಂದರ್ಥ. ಪೂರ್ತಿ ಸುತ್ತಿಗೆ ಹಲವು ಸರ್ಜನ್‌ಗಳು ಬಾಯಿಯಿಂದ 18–20 ಮಿ.ಮೀ. ದಪ್ಪದ ರಬ್ಬರ್ ಕೊಳವೆ ಇಳಿಸಿ, ಅದರ ಮೇಲೆ 2 ಸೆಂ.ಮೀ. ಉದ್ದ ಮಾತ್ರ ಸುತ್ತು ಹೊಲಿದು, ಕೊಳವೆ ತೆಗೆಯುತ್ತಾರೆ. ಸುತ್ತು ಕೂರಬೇಕಾದ್ದು ಅನ್ನನಾಳದ ಮೇಲೆ, ಜಠರದ ಮೇಲಲ್ಲ. ಎಲ್ಲ ಸೇರಿ ಒಂದರಿಂದ ಎರಡು ಗಂಟೆ.

ಮೊದಲ ಮೂರು ದಿನ

ಭುಜ ನೋಯುತ್ತದೆ. ಹೊಟ್ಟೆಗೆ ತುಂಬಿದ ಗ್ಯಾಸ್ ವಪೆಯನ್ನು ಕೆಣಕಿದ ನೋವು ಅದು, ಎರಡು ಮೂರು ದಿನಕ್ಕೆ ಹೋಗುತ್ತದೆ. ಅದೇ ದಿನ ಸಂಜೆ ಎದ್ದು ನಡೆಯಿರಿ. ಭಯಪಡಬೇಕಾದ್ದು ವಾಕರಿಕೆಗೆ. ಒಮ್ಮೆ ಜೋರಾಗಿ ವಾಂತಿಗೆ ತಿಣುಕಿದರೆ ಹಸಿ ಹೊಲಿಗೆ ಕಿತ್ತು ಸುತ್ತು ಎದೆಗೆ ಹಾರಬಹುದು. ಹೊಟ್ಟೆ ತೊಳಸಿದ ಹಾಗೆ ಅನ್ನಿಸಿದ ತಕ್ಷಣ ನರ್ಸನ್ನು ಕರೆದು ಇಂಜೆಕ್ಷನ್ ಕೇಳಿ, ‘ಸ್ವಲ್ಪ ಹೊತ್ತು ನೋಡೋಣ’ ಎನ್ನಬೇಡಿ.

ಜ್ವರ, ಉಸಿರಾಟದ ಕಷ್ಟ, ಹೆಚ್ಚುತ್ತಲೇ ಹೋಗುವ ಎದೆ ಅಥವಾ ಹೊಟ್ಟೆನೋವು, ಸುಮ್ಮನೆ ಮಲಗಿದ್ದಾಗಲೂ ನಾಡಿ 110 ದಾಟುವುದು, ಇವು ಎಲ್ಲೋ ತೂತಾಗಿ ಸೋರುತ್ತಿರುವ ಸೂಚನೆ ಇರಬಹುದು. ಮನೆಗೆ ಹೋದ ಮೇಲೆ ಹೀಗಾದರೆ ಊರ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಹಾಕಿಸಿಕೊಂಡು ಕೂರದೆ, ಆಪರೇಷನ್ ಮಾಡಿದ ಆಸ್ಪತ್ರೆಗೇ ಹೊರಡಿ.

ಊಟ: ಅಂಬಲಿಯಿಂದ ಮುದ್ದೆಗೆ

ಹೊಸ ಸುತ್ತು ಊದಿಕೊಂಡಿರುತ್ತದೆ. ನುಂಗಿದ್ದು ನಿಂತು ನಿಂತು ಇಳಿಯುವುದು ಆರರಿಂದ ಹನ್ನೆರಡು ವಾರದವರೆಗೂ ಸಹಜ. ಅದಕ್ಕೆ ತಕ್ಕಂತೆ ಊಟ ಏರಿಸಬೇಕು. ನಿಮ್ಮ ಸರ್ಜನ್ ಕೊಟ್ಟ ಪಟ್ಟಿ ಬೇರೆಯಿದ್ದರೆ ಅದೇ ಮೇಲು.

ಮೊದಲ ಎರಡು ದಿನ ನೀರು, ಎಳನೀರು, ಸೋಸಿದ ಬೇಳೆಕಟ್ಟು, ತಿಳಿಸಾರು, ಗುಟುಕು ಗುಟುಕಾಗಿ. ಆಮೇಲೆ ಎರಡನೇ ವಾರ ಮುಗಿಯುವವರೆಗೆ ಕುಡಿಯುವಂಥದ್ದು ಮಾತ್ರ. ಇದಕ್ಕೆ ನಮ್ಮ ರಾಗಿ ಅಂಬಲಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಒಂದು ದೊಡ್ಡ ಚಮಚ ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ, ಒಟ್ಟು 250 ಮಿ.ಲೀ. ನೀರಿನಲ್ಲಿ 6–8 ನಿಮಿಷ ಕುದಿಸಿ, ಆರಿದ ಮೇಲೆ ಮಜ್ಜಿಗೆ, ಉಪ್ಪು ಹಾಕಿ ಜಾಲರಿಯಲ್ಲಿ ಸೋಸಿ. ಒಂದು ಸಲಕ್ಕೆ 150–200 ಮಿ.ಲೀ., ದಿನಕ್ಕೆ ಆರು ಸಲ. ನಡುವೆ ಹಾಲು, ತೆಳು ಹೆಸರುಬೇಳೆ ಕಟ್ಟು. ತೂಕ ಎರಡು ಮೂರು ಕೆಜಿ ಇಳಿದರೆ ಗಾಬರಿ ಬೇಡ.

ಮೂರು, ನಾಲ್ಕನೇ ವಾರ ಮೆತ್ತನೆಯದು. ಸಾರಿನಲ್ಲಿ ಕರಗುವಷ್ಟು ನೆನೆಸಿದ ಇಡ್ಲಿ, ಕಿವುಚಿದ ಅನ್ನ ಬೇಳೆಸಾರು, ತೆಳ್ಳಗಿನ ಪೊಂಗಲ್, ಮೆದುವಾಗಿ ಬೇಯಿಸಿ ಹಿಸುಕಿದ ಮೊಟ್ಟೆ, ಬಾಳೆಹಣ್ಣು, ಪಪ್ಪಾಯಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯೂ ಆಗುತ್ತದೆ, ಚಟ್ನಿಯಲ್ಲಿ ಒಣಗಾಗಿ ಅಲ್ಲ, ಸಾಂಬಾರಿನಲ್ಲಿ ಮುಳುಗಿಸಿ. ಚಪಾತಿ, ರೊಟ್ಟಿ, ಬನ್ನು, ಬ್ರೆಡ್ಡು, ಪರೋಟ ಬೇಡ. ಬ್ರೆಡ್ಡು ಮೆತ್ತಗೆ ಕಂಡರೂ ನೀರು ಸೋಕಿದ ಮೇಲೆ ಉಂಡೆಯಾಗಿ ಸಿಕ್ಕಿಕೊಳ್ಳುತ್ತದೆ. ಮಟನ್ ತುಂಡು, ನಾಟಿಕೋಳಿ, ನುಗ್ಗೆಕಾಯಿಯ ನಾರು, ಹಲಸಿನ ತೊಳೆ ಆರು ವಾರದವರೆಗೂ ದೂರ. ಅವರೆಕಾಳು, ಹಿತಕಿದ ಬೇಳೆ, ಹುರುಳಿ, ಎಲೆಕೋಸು ಗ್ಯಾಸ್ ಮಾಡುತ್ತವೆ, ಆ ಗ್ಯಾಸ್ ತೇಗಾಗಿ ಹೊರಬರಲು ದಾರಿಯಿಲ್ಲ. ಗೋಲಿಸೋಡ, ಕೂಲ್‌ಡ್ರಿಂಕ್ಸ್ ತಿಂಗಳುಗಟ್ಟಲೆ ಬೇಡ.

ಮುದ್ದೆಯ ವಿಷಯ ಬೇರೆಯೇ ಹೇಳಬೇಕು. ಮುದ್ದೆಯನ್ನು ಅಗಿಯುವುದಿಲ್ಲ. ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಹಾಗೇ ನುಂಗುವುದು. ಚಿಕ್ಕಂದಿನಿಂದ ರೂಢಿಯಾದ ಆ ನುಂಗು ಈ ಆಪರೇಷನ್ ಆದವರಿಗೆ ಅಪಾಯ. ಅಂಟುವ ಇಡೀ ತುತ್ತು ಊದಿಕೊಂಡ ಸುತ್ತಿನ ಮುಂದೆ ನಿಂತರೆ ಕರಗುವುದೂ ಇಲ್ಲ, ಒಡೆಯುವುದೂ ಇಲ್ಲ. ಆದ್ದರಿಂದ ಮುದ್ದೆ ಆರನೇ ವಾರಕ್ಕೆ ಮುಂಚೆ ಬೇಡವೇ ಬೇಡ. ಅನ್ನ, ಇಡ್ಲಿ ಒಂದು ವಾರ ಅಡ್ಡಿಯಿಲ್ಲದೆ ಇಳಿದ ಮೇಲೆ, ಮಾಮೂಲಿಗಿಂತ ನೀರು ಹೆಚ್ಚು ಹಾಕಿ ಸಡಿಲವಾಗಿ ತೊಳಸಿದ ಬಿಸಿ ಮುದ್ದೆಯಿಂದ ಶುರು ಮಾಡಿ. ತುತ್ತು ಕಡಲೆಬೀಜದ ಗಾತ್ರ, ಸೊಪ್ಪಿನ ಸಾರು ತೆಳ್ಳಗಿರಲಿ, ಬಾಯಲ್ಲೇ ಸಾರಿನ ಜೊತೆ ಕಿವುಚಿ ನುಂಗಿ. ಅದು ಇಳಿದದ್ದು ಗೊತ್ತಾದ ಮೇಲೆ ಇನ್ನೊಂದು. ಮೊದಲ ದಿನ ಕಾಲು ಮುದ್ದೆ ಸಾಕು. ತಣ್ಣಗಾಗಿ ಗಟ್ಟಿಯಾದ ಮುದ್ದೆ ಎಂದಿಗೂ ಬೇಡ. ಮದುವೆ ಮನೆ, ಬೀಗರ ಔತಣದಲ್ಲಿ ಪಂಕ್ತಿಯವರ ವೇಗಕ್ಕೆ ಉಣ್ಣಲು ಹೋಗಬೇಡಿ.

ಸಿಕ್ಕಿಕೊಂಡರೆ? ಮೇಲಿನಿಂದ ನೀರು ಸುರಿಯಬೇಡಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಬೇಡಿ. ಎದ್ದು ನಿಂತು ಅತ್ತಿತ್ತ ನಡೆಯಿರಿ, ಬಹಳಷ್ಟು ಸಲ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಎಂಜಲೂ ನುಂಗಲಾಗದೆ ಉಗಿಯುವಂತಾದರೆ ಕಾಯದೆ ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಹೋಗಿ. ಎಂಜಲು ಇಳಿಯುತ್ತಿದ್ದರೂ ಎರಡು ಗಂಟೆಯಾದರೂ ಊಟ ಅಲ್ಲೇ ಇದ್ದರೆ ಆಗಲೂ ಹೋಗಬೇಕು.

ಇನ್ನೊಂದು ರೂಢಿ, ಚೊಂಬನ್ನು ಮೇಲೆತ್ತಿ ತುಟಿಗೆ ಸೋಕಿಸದೆ ಗಟಗಟ ಕುಡಿಯುವುದು. ಹೀಗೆ ಕುಡಿದಾಗ ನೀರಿನ ಜೊತೆ ಗಾಳಿಯೂ ಇಳಿಯುತ್ತದೆ, ಇಳಿದ ಗಾಳಿ ಹೊಟ್ಟೆಯಲ್ಲೇ ಕೂತು ಉಬ್ಬರಿಸುತ್ತದೆ. ನಿಮ್ಮದೇ ಒಂದು ಲೋಟ ಇಟ್ಟುಕೊಂಡು ಕಚ್ಚಿ ಕುಡಿಯಿರಿ. ಎಲೆಅಡಿಕೆ, ಚೂಯಿಂಗ್ ಗಮ್ ಜಗಿಯುವಾಗಲೂ ಗಾಳಿ ನುಂಗುತ್ತೇವೆ. ದೊಡ್ಡ ಮಾತ್ರೆಗಳನ್ನು ಮೊದಲ ತಿಂಗಳು ಸಿರಪ್ ಅಥವಾ ಪುಡಿ ರೂಪದಲ್ಲಿ ಕೇಳಿ. ಎಲ್ಲ ಮಾತ್ರೆಯನ್ನೂ ಪುಡಿ ಮಾಡುವಂತಿಲ್ಲ, ನಿಧಾನವಾಗಿ ಬಿಡುಗಡೆಯಾಗುವ ಬಿಪಿ, ಸಕ್ಕರೆ ಮಾತ್ರೆ ಪುಡಿ ಮಾಡಿದರೆ ಒಂದೇ ಸಲಕ್ಕೆ ಮೈಗೆ ಹತ್ತುತ್ತದೆ.

ಭಾರ ಮತ್ತು ಕೆಲಸ

ಆರು ವಾರ 5 ಕೆಜಿಗಿಂತ ಹೆಚ್ಚು ಎತ್ತಬಾರದು. ಕೋಲಾರ ಮಾರುಕಟ್ಟೆಯ ಟೊಮೆಟೊ ಬಾಕ್ಸ್ 15 ಕೆಜಿ, ತುಂಬಿದ ಬಿಂದಿಗೆ 10 ಕೆಜಿಗೆ ಮೇಲೆ, ಹಾಲಿನ ಕ್ಯಾನ್ ಹೇಳುವುದೇ ಬೇಡ. ಭಾರ ಎತ್ತುವಾಗ ಹೊಟ್ಟೆಯೊಳಗಿನ ಒತ್ತಡ ನೇರವಾಗಿ ವಪೆಯ ಹೊಸ ಹೊಲಿಗೆಯ ಮೇಲೆ ಬೀಳುತ್ತದೆ. ಅಂಗಡಿ, ಆಫೀಸು ಕೆಲಸಕ್ಕೆ ಎರಡು ವಾರದಲ್ಲಿ ಮರಳಬಹುದು. ಹೊಲದ ಕೆಲಸಕ್ಕೆ ಆರು ವಾರ, ಮೂಟೆ ಹೊರುವವರಿಗೆ ಇನ್ನೂ ಹೆಚ್ಚು. ಮಾವು, ಟೊಮೆಟೊ ಸುಗ್ಗಿ ನೋಡಿಕೊಂಡೇ ಆಪರೇಷನ್ ದಿನ ಗೊತ್ತು ಮಾಡಿ. ಮನೆಯಲ್ಲಿ ನೀರು ಹೊರುವ ಹೆಂಗಸರಿಗೆ ಈ ಆರು ವಾರ ಬೇರೆಯವರು ಹೆಗಲು ಕೊಡಲೇಬೇಕು. ‘ತೂತು ಸಣ್ಣದು, ಆಪರೇಷನ್ನೂ ಸಣ್ಣದು’ ಎಂದು ಮನೆಯವರು ತಿಳಿಯುವುದರಿಂದಲೇ ಎಷ್ಟೋ ಹೊಲಿಗೆ ಸಡಿಲವಾಗುತ್ತವೆ. ಗಾಡಿ ಕಿಕ್ ಹೊಡೆಯಬೇಡಿ. ಮಲಬದ್ಧತೆಯಾದರೆ ತಿಣುಕಬೇಡಿ, ಲ್ಯಾಕ್ಟುಲೋಸ್‌ನಂಥ ದ್ರವ ಔಷಧಿ ಕೇಳಿ.

ಮತ್ತೆ ಉರಿ ಶುರುವಾದರೆ

ಇದು ಜೀವಮಾನದ ಗ್ಯಾರಂಟಿ ಅಲ್ಲ. ಸ್ವೀಡನ್ನಿನಲ್ಲಿ 2005ರಿಂದ 2014ರವರೆಗೆ ಆಪರೇಷನ್ ಆದ 2,655 ಜನರನ್ನು ಹಿಂಬಾಲಿಸಿ ನೋಡಿದಾಗ 17.7% ಮಂದಿಗೆ ರೋಗ ಮರಳಿತ್ತು. ಅವರಲ್ಲಿ ಹೆಚ್ಚಿನವರಿಗೆ ಮತ್ತೆ ಬೇಕಾದದ್ದು ಮಾತ್ರೆ, ಎರಡನೇ ಆಪರೇಷನ್ ಕೆಲವರಿಗೆ ಮಾತ್ರ. ಉರಿ ಬಂದ ಕೂಡಲೇ ‘ಆಪರೇಷನ್ ಫೇಲ್’ ಎಂದು ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಬೇಡಿ. ಆಪರೇಷನ್ ನಂತರ ಮಾತ್ರೆಗೆ ಮರಳಿದ ಎಷ್ಟೋ ಜನರ ಪಿಎಚ್ ಪರೀಕ್ಷೆ ಮಾಡಿದರೆ ಆಸಿಡ್ ಸಹಜವಾಗಿಯೇ ಇರುತ್ತದೆ. ಮೊದಲು ಎಂಡೋಸ್ಕೋಪಿ, ಬೇರಿಯಂ, ಬೇಕಿದ್ದರೆ ಪಿಎಚ್. ಮೂರು ತಿಂಗಳಾದರೂ ನುಂಗುವುದು ಕಷ್ಟವಾಗಿಯೇ ಇದ್ದರೆ ಬಲೂನಿನಿಂದ ಹಿಗ್ಗಿಸುತ್ತಾರೆ, ಬಹಳ ಮಂದಿಗೆ ಒಂದೆರಡು ಸಲಕ್ಕೆ ಸರಿಹೋಗುತ್ತದೆ. ಬ್ಯಾರೆಟ್ಸ್ ಇದ್ದವರು ಉರಿ ಪೂರ್ತಿ ನಿಂತರೂ ಡಾಕ್ಟರು ಹೇಳಿದ ಅವಧಿಗೆ ಎಂಡೋಸ್ಕೋಪಿ ಮಾಡಿಸುತ್ತಲೇ ಇರಬೇಕು. ಕ್ಯಾನ್ಸರ್ ಅಪಾಯವನ್ನು ಆಪರೇಷನ್ ಅಳಿಸಿಹಾಕುವುದಿಲ್ಲ.

ಡಿಸ್ಚಾರ್ಜ್ ಆಗುವಾಗ ಆಪರೇಷನ್ ನೋಟ್ಸ್‌ನ ಪ್ರತಿ ಕೇಳಿ ಪಡೆಯಿರಿ. ಸುತ್ತು ಎಷ್ಟು ಡಿಗ್ರಿ, ಮೆಶ್ ಇದೆಯೋ ಇಲ್ಲವೋ, ವಪೆಗೆ ಎಷ್ಟು ಹೊಲಿಗೆ ಎಂಬುದು ಅದರಲ್ಲಿರಬೇಕು. ಮೊಬೈಲಿನಲ್ಲೂ ಒಂದು ಫೋಟೋ ಇಟ್ಟುಕೊಳ್ಳಿ. ಮುಂದೆ ಯಾವ ಊರಿನಲ್ಲಿ ಎಂಡೋಸ್ಕೋಪಿ ಆದರೂ, ವಾಂತಿ ಭೇದಿಗೆ ಅಡ್ಮಿಟ್ ಆದರೂ, ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಬೇಕಾಗಿ ಬಂದರೂ, ಆ ಹಾಳೆಯನ್ನು ಡಾಕ್ಟರ ಕೈಗೆ ಮೊದಲು ಕೊಡಿ.